ಅಜ್ಜನಿಗೆ ಕಾಫಿ ಮಾಡೋಕೆ ಬರಲ್ಲ

ನಾಗರಭಾವಿ ಕಡೆ ಓಡಾಡಿರೋರಿಗೆ ಗೊತ್ತಿರುತ್ತೆ, ಐಸೆಕ್ಕು (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ), ನ್ಯಾಷನಲ್ ಲಾ ಸ್ಕೂಲು, ಬೆಂಗಳೂರು ಯೂನಿವರ್ಸಿಟಿಯ ಜ್ಞಾನಭಾರತಿ ಕ್ಯಾಂಪಸ್ಸು ಮೂರೂ ಅಕ್ಕಪಕ್ಕದಲ್ಲೇ ಇವೆ, ಮನಸ್ಸು ಮಾಡಿದ್ರೆ ಒಂದರಿಂದ ಇನ್ನೊಂದಕ್ಕೆ ನಡ್ಕೊಂಡೇ ಹೋಗ್ಬಹುದು. ಒಂದ್ಕಡೆ ಎಕನಾಮಿಕ್ಸ್ ಮತ್ತು ಜನಸಂಖ್ಯೆ ಲೆಕ್ಕ ಹಾಕೋರು, ಇನ್ನೊಂದ್ಕಡೆ ಕಾನೂನಿನೋರು, ಮತ್ತೊಂದ್ಕಡೆ ಸೋಷಿಯಾಲಜಿ, ಸೋಷಿಯಲ್ ವರ್ಕ್, ಸೈಕಾಲಜಿ. ವಯಸ್ಸಾದೋರ ಬಗ್ಗೆ ನೆಟ್ಟಗೆ ಕೆಲಸ ಆಗ್ಬೇಕು ಅಂದ್ರೆ ಇವರಷ್ಟೂ ಜನ ಬೇಕು, ಜೊತೆಗೆ ಹೊಸೂರು ರೋಡಿನ ನಿಮ್ಹಾನ್ಸ್ ಡಾಕ್ಟ್ರೂ ಬೇಕು. ಆದ್ರೆ ಈ ಊರಲ್ಲಿ ಇಷ್ಟು ವರ್ಷ ಇದ್ದು ನಾನು ಕಂಡಿದ್ದು ಏನಂದ್ರೆ, ಇವರು ಒಬ್ಬರಿಗೊಬ್ಬರು ಸಿಗೋದು ಹೆಚ್ಚಾಗಿ ದಿಲ್ಲಿ ಏರ್‌ಪೋರ್ಟಲ್ಲೋ ಅಥವಾ ಯಾವುದೋ ದೇಶದ ಕಾನ್ಫರೆನ್ಸಿನ ಟೀ ಬ್ರೇಕಲ್ಲೋ. ಅಲ್ಲಿ ಕಾರ್ಡ್ ಕೊಟ್ಕೊಂಡು "ಅರೆ, ನೀವೂ ಬೆಂಗಳೂರಾ, ಒಂದ್ಸಲ ಕೂರೋಣ" ಅಂತಾರೆ, ವಾಪಸ್ ಬಂದ್ಮೇಲೆ ಯಾರೂ ಕೂರಲ್ಲ.

ನಾನು ಓದಿದ್ದು ಸೋಷಿಯಾಲಜಿ, ಪಾಠ ಮಾಡೋದು ಇಲ್ಲೇ ಒಂದು ಯೂನಿವರ್ಸಿಟೀಲಿ. ಕೆಲಸ ಮಾತ್ರ ಮುಪ್ಪು, ಆರೋಗ್ಯ, ಸರ್ಕಾರಿ ನೀತಿ ಈ ಮೂರರ ಸಂದೀಲಿ, ಅಂದ್ರೆ ವಯಸ್ಸಾದೋರಿಗೆ ಹುಷಾರಿಲ್ದಾಗ ಸರ್ಕಾರ ಏನ್ ಮಾಡುತ್ತೆ, ಮನೆಯೋರು ಏನ್ ಮಾಡ್ತಾರೆ, ಇವೆರಡರ ಮಧ್ಯೆ ಏನೇನು ಬಿದ್ದೋಗುತ್ತೆ ಅಂತ ನೋಡೋದು. ನಮ್ಮ ದೊಡ್ಡಮ್ಮನಿಗೆ ಇದನ್ನ ಎಷ್ಟು ಸಲ ಹೇಳಿದ್ರೂ ಅಷ್ಟೇ, ಹೆಸರಿನ ಮುಂದೆ ಡಾಕ್ಟರ್ ಇದೆ ಅಂದ್ಮೇಲೆ ಮಂಡಿ ನೋವಿಗೆ ಒಂದು ಮಾತ್ರೆ ಬರೆದು ಕೊಡೋಕೆ ಏನು ಅಂತಾರೆ. ದೊಡ್ಡಮ್ಮನ ಕಥೆ ಹಾಗಿರಲಿ, ಡೀನ್ ಆಫೀಸಿಗೂ ಇದು ಅರ್ಥ ಮಾಡಿಸೋದು ಕಷ್ಟವೇ.

ಈ ದೂರಕ್ಕೆ ಒಂದು ಇತಿಹಾಸಾನೂ ಇದೆ. ಬೆಂಗಳೂರು ಯೂನಿವರ್ಸಿಟಿ ಶುರುವಾಗಿದ್ದು 1964ರಲ್ಲಿ. ಆಗ ಊರಿನ ಮೆಡಿಕಲ್ ಕಾಲೇಜುಗಳೂ ಅದರ ಕೆಳಗೇ ಇದ್ದವು, ಎಂಬಿಬಿಎಸ್ ಓದಿದೋರಿಗೂ ಸೋಷಿಯಾಲಜಿ ಎಂಎ ಮಾಡಿದೋರಿಗೂ ಒಂದೇ ಯೂನಿವರ್ಸಿಟಿ ಸೀಲು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂತು, ಮೆಡಿಕಲ್, ಡೆಂಟಲ್, ನರ್ಸಿಂಗ್ ಎಲ್ಲಾ ಜಯನಗರಕ್ಕೆ ಹೋಯ್ತು. ಆಡಳಿತಕ್ಕೆ ಅದು ಅನುಕೂಲ ಆಗಿರ್ಬಹುದು, ಬೇಡ ಅನ್ನಲ್ಲ. ಆದ್ರೆ ಅಲ್ಲಿಂದ ಮುಂದೆ ಒಬ್ಬ ನರ್ಸಿಂಗ್ ಪಿಎಚ್‌ಡಿ ಹುಡುಗಿಗೆ ಸೋಷಿಯಾಲಜಿ ಮೇಷ್ಟ್ರು ಗೈಡ್ ಆಗ್ಬೇಕು ಅಂದ್ರೆ ಎರಡು ಯೂನಿವರ್ಸಿಟಿ ಮಧ್ಯೆ ಪತ್ರ ಓಡಾಡ್ಬೇಕು. ಮೊದಲು ಒಂದೇ ಸೆನೆಟ್ ಇದ್ದಾಗ ಎಲ್ಲಾ ಒಟ್ಟಿಗೆ ಊಟ ಮಾಡ್ತಿದ್ರು ಅಂತ ನಾನೇನೂ ಹೇಳ್ತಿಲ್ಲ, ಆಗಲೂ ಮಾಡ್ತಿರ್ಲಿಲ್ಲ ಅಂತಲೇ ಹಳಬರು ಹೇಳ್ತಾರೆ. ಆದ್ರೂ ಜಗಳ ಆಡೋಕೆ ಒಂದು ಜಾಗ ಇತ್ತು.

ಸರಿ, ಮೇಷ್ಟ್ರುಗಳು ಬೇರೆ ಬೇರೆ ಕಡೆ ಕೂತಿದ್ರೆ ವಯಸ್ಸಾದೋರಿಗೆ ಏನಾಗ್ಬೇಕು ಅಂತ ಕೇಳ್ಬಹುದು. ನಿಜವಾಗ್ಲೂ ಆಗುತ್ತೆ. ಮುದುಕರು ಯಾರು ಅನ್ನೋ ಪ್ರಶ್ನೇನೇ ತಗೊಳ್ಳಿ. ಬಿಎಂಟಿಸಿ, ಕೆಎಸ್‌ಆರ್‌ಟಿಸಿ ಬಸ್ಸಲ್ಲಿ 60 ಆದ್ರೆ ಟಿಕೆಟ್ಟಿಗೆ ಶೇ 25 ರಿಯಾಯಿತಿ. ರೈಲಲ್ಲಿ ಹೆಂಗಸರಿಗೆ 58ಕ್ಕೇ ಸಿಗ್ತಿತ್ತು, ಗಂಡಸರಿಗೆ 60ಕ್ಕೆ, 2020ರ ಮಾರ್ಚಲ್ಲಿ ಕೊರೊನಾ ಅಂತ ನಿಲ್ಲಿಸಿದ್ರು. ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ಆಗ್ಬೇಕು. ಕೇಂದ್ರದ ಇಂದಿರಾ ಗಾಂಧಿ ವೃದ್ಧಾಪ್ಯ ಪಿಂಚಣಿಗೆ ಬಡತನ ರೇಖೆ ಕೆಳಗಿದ್ರೆ 60 ಸಾಕು, ಆದ್ರೆ ಅದರಲ್ಲಿ ಕೇಂದ್ರ ಕೊಡೋ ಪಾಲು ತಿಂಗಳಿಗೆ 200 ರೂಪಾಯಿ, 500 ಆಗ್ಬೇಕು ಅಂದ್ರೆ 80 ಮುಟ್ಬೇಕು. ಆಯುಷ್ಮಾನ್ ಭಾರತದಲ್ಲಿ ಆದಾಯ ನೋಡ್ದೆ ವಯಸ್ಸಾದೋರಿಗೆ ಅಂತ 2024ರಲ್ಲಿ ತಂದ 5 ಲಕ್ಷದ ಕಾರ್ಡು 70ಕ್ಕೆ. ಇನ್‌ಕಮ್ ಟ್ಯಾಕ್ಸಿನೋರ ಪ್ರಕಾರ 60ಕ್ಕೆ ಸೀನಿಯರ್, 80ಕ್ಕೆ ಸೂಪರ್ ಸೀನಿಯರ್. ಸೆಂಟ್ರಲ್ ಯೂನಿವರ್ಸಿಟಿ ಪ್ರೊಫೆಸರಿಗೆ 65ರ ತನಕ ವಯಸ್ಸೇ ಆಗಲ್ಲ. ನಮ್ಮ ಸರ್ವೆಗಳಲ್ಲಿ ನೋಡಿದ್ರೆ 45ಕ್ಕೇ ಶುರು, ಆ ಲೆಕ್ಕದಲ್ಲಿ ನಾನೂ ಈಗ ಸ್ಯಾಂಪಲ್ಲೇ.

ಪ್ರತಿಯೊಂದಕ್ಕೂ ಅದರದರ ಕಾರಣ ಇದೆ, ಬಜೆಟ್ ಮುಖ್ಯ ಕಾರಣ. ತಮಾಷೆ ಏನಂದ್ರೆ ಇಷ್ಟೆಲ್ಲಾ ಗೆರೆ ಎಳೆಯೋದಕ್ಕೆ ಮೊದಲು ಆ ಮನುಷ್ಯನ ವಯಸ್ಸು ಗೊತ್ತಿರ್ಬೇಕಲ್ಲ! ಡಾಕ್ಟ್ರು, ಎಕನಾಮಿಕ್ಸಿನೋರು, ನಾನು ಸೇರಿ ಮಾಡಿದ ಒಂದು ಸರ್ವೇಲಿ, ಮೈಸೂರು ರಸ್ತೆ ಆಚೆ ಒಂದು ಶೀಟ್ ಮನೇಲಿ ಕೂತು ನಾವು ಒಬ್ಬ ಅಜ್ಜೀನ ಕೇಳಿದ್ವಿ, ಅಜ್ಜಿ ವಯಸ್ಸೆಷ್ಟು ಅಂತ.

"ಅರ್ವತ್ತೋ ಎಪ್ಪತ್ತೋ, ನೀನೇ ಬರ್ಕೊ ಕಣವ್ವ."

ಆಧಾರಲ್ಲಿ ಜನವರಿ ಒಂದನೇ ತಾರೀಖು, ಯಾರೋ ಅಂದಾಜಿಗೆ ಬರೆಸಿದ್ದು. ವೋಟರ್ ಐಡೀಲಿ ಇನ್ನೊಂದು ವರ್ಷ, ರೇಷನ್ ಕಾರ್ಡಲ್ಲಿ ಮತ್ತೊಂದು. ಇಂಥ ಕಡೆ ಡೆಮಾಗ್ರಫಿಯೋರದ್ದು ಒಂದು ಹಳೇ ಉಪಾಯ ಇದೆ, ಎಲ್ಲರಿಗೂ ನೆನಪಿರೋ ಘಟನೆ ಹಿಡ್ಕೊಂಡು ಹಿಂದಕ್ಕೆ ಹೋಗೋದು. ನೆಹರೂ ತೀರ್ಕೊಂಡಾಗ ನಿಮಗೆ ಬುದ್ಧಿ ಬಂದಿತ್ತಾ? ಮೈಸೂರು ರಾಜ್ಯ ಕರ್ನಾಟಕ ಆಯ್ತಲ್ಲ, ಆವಾಗ ಮದುವೆ ಆಗಿತ್ತಾ? ಅಜ್ಜಿ ಅದ್ಯಾವುದಕ್ಕೂ ತಲೆ ಆಡಿಸ್ಲಿಲ್ಲ. ಇಂದಿರಮ್ಮ ಚಿಕ್ಕಮಗಳೂರಲ್ಲಿ ಎಲೆಕ್ಷನ್ನಿಗೆ ನಿಂತಿದ್ದು ಅಂದ ತಕ್ಷಣ ಮುಖ ಅರಳಿತು. "ಆವಾಗ ನಮ್ ದೊಡ್ಡೋನು ಸ್ಕೂಲಿಗೆ ಹೋಗ್ತಿದ್ದ, ಎರಡ್ನೇ ಕ್ಲಾಸು, ನಾನು ಓಟ್ ಹಾಕೋಕೆ ಅಂತ ಅಮ್ಮನ ಮನೆಗೆ ಹೋಗಿದ್ದೆ." ಚಿಕ್ಕಮಗಳೂರು ಉಪಚುನಾವಣೆ 1978, ಮಗನಿಗೆ ಏಳು, ಮದುವೆ ಹದಿನೈದಕ್ಕೋ ಹದಿನಾರಕ್ಕೋ ಅಂತ ಹಿಡಿದ್ರೆ ಅಜ್ಜಿ ಹುಟ್ಟಿದ್ದು ಹೆಚ್ಚು ಕಮ್ಮಿ 1954. ಆಧಾರ್ ಪ್ರಕಾರ 1963. ಅಂದ್ರೆ 65ರ ಪಿಂಚಣಿಗೆ ನಿಜವಾಗ್ಲೂ ಅರ್ಹ ಆದ್ಮೇಲೆ ಒಂಬತ್ತು ವರ್ಷ ಕಾಯ್ಬೇಕು. ತಿಂಗಳಿಗೆ 1,200 ರೂಪಾಯಿ, ಒಂಬತ್ತು ವರ್ಷ. ಲೆಕ್ಕ ಹಾಕಿದ್ರೆ ಲಕ್ಷ ದಾಟುತ್ತೆ, ಹೂ ಕಟ್ಟಿ ಮಾರೋ ಹೆಂಗಸಿಗೆ. ಕಮ್ಯುನಿಟಿ ಮೆಡಿಸಿನ್ ಡಾಕ್ಟ್ರು ನನ್ನ ಪಕ್ಕದಲ್ಲೇ ಬಿಪಿ ನೋಡ್ತಾ ಕೂತಿದ್ರು. ಅವರಿಗೆ ವಯಸ್ಸು ಅಂದ್ರೆ ಫಾರಂ ಮೇಲಿನ ಮೊದಲ ಖಾನೆ, ತುಂಬಿ ಮುಂದೆ ಹೋಗ್ಬೇಕು. ಆ ಖಾನೆ ತುಂಬೋಕೇ ಇಪ್ಪತ್ತು ನಿಮಿಷ ಹಿಡಿದಿದ್ದು ನೋಡಿ ಮೊದಲು ಸಿಡಿಮಿಡಿ ಮಾಡಿದ್ರು, ಆಮೇಲೆ ಅವರೇ ಗೋಕಾಕ್ ಚಳವಳಿ, ಎಮರ್ಜೆನ್ಸಿ ಅಂತ ಘಟನೆಗಳ ಪಟ್ಟಿ ಮಾಡೋಕೆ ಶುರು ಮಾಡಿದ್ರು.

ಈಗ ಕಾಫಿ ವಿಷಯಕ್ಕೆ ಬರ್ತೀನಿ.

ವಯಸ್ಸಾದೋರು ಎಷ್ಟರಮಟ್ಟಿಗೆ ತಾವೇ ತಮ್ಮ ಬದುಕು ನಡೆಸ್ಕೋತಾರೆ ಅಂತ ಅಳೆಯೋಕೆ ಪ್ರಪಂಚದಾದ್ಯಂತ ಬಳಸೋ ಪ್ರಶ್ನೆಪಟ್ಟಿಗಳು ಎರಡಿವೆ. ಒಂದು ಕಾಟ್ಜ್ ಅವರದ್ದು, 1963ರದ್ದು, ಸ್ನಾನ, ಬಟ್ಟೆ ಹಾಕ್ಕೊಳ್ಳೋದು, ಟಾಯ್ಲೆಟ್ಟು, ಎದ್ದು ಕೂರೋದು, ಊಟ ಮಾಡೋದು ಇಂಥವು. ಇದರಲ್ಲಿ ಹೆಚ್ಚು ತಕರಾರಿಲ್ಲ. ಇನ್ನೊಂದು 1969ರಲ್ಲಿ ಫಿಲಡೆಲ್ಫಿಯಾದಲ್ಲಿ ಲಾಟನ್ ಮತ್ತು ಬ್ರೋಡಿ ಅನ್ನೋರು ಮಾಡಿದ್ದು. ಫೋನ್ ಮಾಡ್ತೀರಾ, ಅಂಗಡಿಗೆ ಹೋಗ್ತೀರಾ, ಅಡಿಗೆ ಮಾಡ್ಕೋತೀರಾ, ಮನೆ ಕೆಲಸ, ಬಟ್ಟೆ ಒಗೆಯೋದು, ಬಸ್ಸಲ್ಲಿ ಓಡಾಡೋದು, ಮಾತ್ರೆ ತಗೊಳ್ಳೋದು, ದುಡ್ಡಿನ ವ್ಯವಹಾರ, ಒಟ್ಟು ಎಂಟು. ಎಷ್ಟು ಆಗಲ್ಲವೋ ಅಷ್ಟು ಅಸಮರ್ಥ ಅಂತ ಲೆಕ್ಕ.

ಮಲ್ಲೇಶ್ವರದಲ್ಲಿ ಒಬ್ಬ ಅಜ್ಜ, ಬ್ಯಾಂಕಲ್ಲಿ ಮ್ಯಾನೇಜರ್ ಆಗಿದ್ದು ರಿಟೈರ್ ಆದೋರು, ಬೆಳಿಗ್ಗೆ ಸ್ಯಾಂಕಿ ಕೆರೆ ಸುತ್ತ ವಾಕಿಂಗ್, ಮನೆಗೆ ಬಂದು ಪೇಪರು, ಬಾಂಡು, ಎಫ್‌ಡಿ ಎಲ್ಲಾ ಬಾಯಲ್ಲೇ. ಅಡಿಗೆ? ಇಲ್ಲ. ಕಾಫಿ? "ಅಯ್ಯೋ, ಡಿಕಾಕ್ಷನ್ ಎಲ್ಲಿಟ್ಟಿರ್ತಾಳೆ ಅಂತಾನೇ ಗೊತ್ತಿಲ್ಲ ನಂಗೆ." ಬಟ್ಟೆ ಒಗೆಯೋದು? ನಕ್ಕರು. ಮನೆ ಕೆಲಸ? ಮತ್ತೆ ನಕ್ಕರು. ಎಂಟರಲ್ಲಿ ಮೂರು ಸೊನ್ನೆ. ಪಕ್ಕದಲ್ಲೇ ಅವರ ಹೆಂಡತಿ, ಪಾರ್ಕಿನ್‌ಸನ್ಸ್ ಬಂದು ಕೈ ನಡುಗ್ತಿದೆ, ಆದ್ರೂ ಫಿಲ್ಟರಿಗೆ ಬಿಸಿನೀರು ಹಾಕೋದು ಅವರೇ, ಅರ್ಧ ಚೆಲ್ಲುತ್ತೆ, ಬಟ್ಟೇಲಿ ಒರೆಸ್ಕೊಂಡು ಮತ್ತೆ ಹಾಕ್ತಾರೆ. ಅಡಿಗೆ ಮಾಡ್ತೀರಾ ಅಂದ್ರೆ ಹೂಂ. ಅಂಗಡಿ? "ಯಜಮಾನ್ರು ತರ್ತಾರೆ." ಬ್ಯಾಂಕು? "ಅದೂ ಅವರೇ." ಆರೋಗ್ಯವಾಗಿರೋ ಗಂಡ ಮತ್ತು ಕೈ ನಡುಗೋ ಹೆಂಡತಿ, ಇಬ್ಬರ ಅಂಕಾನೂ ಹತ್ರ ಹತ್ರ ಒಂದೇ ಬಂತು.

ಸಾಯಂಕಾಲ ಡಾಟಾ ನೋಡ್ತಾ ಕೂತಾಗ ದೊಡ್ಡ ವಾಗ್ವಾದ. ಡಾಕ್ಟ್ರು ಹೇಳಿದ್ದು, ಸ್ಕೇಲ್ ಇರೋ ಹಾಗೇ ಬಳಸ್ಬೇಕು, ಮುಟ್ಟಿದ್ರೆ ಬೇರೆ ದೇಶದ ಜೊತೆ ಹೋಲಿಸೋಕೆ ಆಗಲ್ಲ. ಮಾತಲ್ಲಿ ಹುರುಳಿದೆ. ಎಕನಾಮಿಕ್ಸಿನೋರು ಹೇಳಿದ್ದು, ಇದು ಅಸಮರ್ಥತೆ ಅಲ್ಲ, ಮನೇಲಿ ಕೆಲಸ ಹಂಚಿಕೊಂಡಿರೋ ರೀತಿ, ಇದನ್ನ ಹೆಲ್ತ್ ಅಂತ ಹಾಕ್ಬೇಡಿ. ಅದೂ ನಿಜ. ನಾನು ಹೇಳಿದ್ದು, ಎರಡೂ ಸರಿ, ಆದ್ರೆ ನಾಳೆ ಆ ಹೆಂಡತಿ ಆಸ್ಪತ್ರೆ ಸೇರಿದ್ರೆ ಆ ಅಜ್ಜ ಎರಡು ದಿನಕ್ಕೆ ಹೋಟೆಲ್ ಇಡ್ಲಿ ಮೇಲೆ ಬದುಕ್ತಾರೆ, ಮಾತ್ರೆ ಟೈಮಿಗೆ ತಗೊಳ್ಳಲ್ಲ, ಶುಗರ್ ಏರುತ್ತೆ, ಮೂರನೇ ದಿನ ಅದು ಹೆಲ್ತೇ ಆಗುತ್ತೆ. ಹೀಗೆ ಒಂದೂವರೆ ಗಂಟೆ. ಆಮೇಲೆ ಮೂಲ ಲೇಖನ ತೆಗೆದು ನೋಡಿದ್ರೆ, ಲಾಟನ್ ಬ್ರೋಡಿಯೋರೇ ಶುರುವಲ್ಲಿ ಗಂಡಸರಿಗೆ ಅಡಿಗೆ, ಮನೆ ಕೆಲಸ, ಬಟ್ಟೆ ಮೂರನ್ನೂ ಬಿಟ್ಟು ಐದರಲ್ಲಷ್ಟೇ ಅಂಕ ಹಾಕ್ತಿದ್ರು! ಅರವತ್ತರ ದಶಕದ ಅಮೆರಿಕದ ಗಂಡಸರೂ ನಮ್ಮ ಮಲ್ಲೇಶ್ವರದ ಅಜ್ಜನ ಹಾಗೇ ಇದ್ರು ಅಂತಾಯ್ತು. ಅಂದ್ರೆ ಯಾವುದನ್ನ ಎಲ್ಲರೂ ಶುದ್ಧ ಮೆಡಿಕಲ್ ಅಳತೆ ಅಂದ್ಕೊಂಡಿದ್ವೋ ಅದರೊಳಗೆ ಒಂದು ಸಮಾಜಶಾಸ್ತ್ರ ಮೊದಲಿಂದ್ಲೂ ಕೂತಿತ್ತು.

ಕೊನೆಗೆ ನಾವು ಮಾಡಿದ್ದು ಇಷ್ಟು, ಪ್ರತಿ ಕೆಲಸಕ್ಕೂ ಎರಡು ಪ್ರಶ್ನೆ. ಈಗ ಮಾಡ್ತೀರಾ? ಮಾಡಲೇಬೇಕು ಅಂತ ಬಂದ್ರೆ ಮಾಡೋಕಾಗುತ್ತಾ? ಫಾರಂ ಉದ್ದ ಆಯ್ತು, ಫೀಲ್ಡಿಗೆ ಹೋಗೋ ಹುಡುಗೀರು ಬೈಕೊಂಡ್ರು. ಆದ್ರೆ ಆ ಎರಡನೇ ಪ್ರಶ್ನೆಗೆ ಬಂದ ಉತ್ತರಗಳನ್ನ ಓದ್ತಿದ್ರೆ ಬೆಂಗಳೂರಿನ ಅರ್ಧ ಸಂಸಾರಗಳ ಗುಟ್ಟು ಗೊತ್ತಾಗುತ್ತೆ.

ಇಂಥ ಜಗಳಕ್ಕೆ ಯಾವ ಗ್ರಾಂಟೂ ಸಿಗಲ್ಲ. ಮೂರು ಬೇರೆ ಬೇರೆ ಸಬ್ಜೆಕ್ಟಿನ ಜನ ಒಂದು ಪ್ರಶ್ನೆ ಮೇಲೆ ಒಂದೂವರೆ ಗಂಟೆ ಕಾದಾಡಿದ್ರು ಅನ್ನೋದನ್ನ ಯಾವ ವಾರ್ಷಿಕ ವರದೀಲೂ ಬರೆಯೋಕಾಗಲ್ಲ. ನನ್ನ ಕೇಳಿದ್ರೆ ಎರಡು ಸಬ್ಜೆಕ್ಟು ಸೇರೋದು ಅಂದ್ರೆ ಇದೇ, ಮಿಕ್ಕಿದ್ದು ಎಂಒಯು, ಶಾಲು, ಹಾರ, ಗ್ರೂಪ್ ಫೋಟೋ.

ಹೆಬ್ಬೆಟ್ಟಿಂದೂ ಹೇಳ್ಬೇಕು. ಆರೋಗ್ಯ ಸಂಶೋಧನೆ ಅಂದ್ರೆ ಎಥಿಕ್ಸ್ ಕಮಿಟಿ, ಒಪ್ಪಿಗೆ ಪತ್ರ, ಓದೋಕೆ ಬರ್ದಿದ್ರೆ ಸಾಕ್ಷಿ ಎದುರಿಗೆ ಹೆಬ್ಬೆಟ್ಟು. ನಿಯಮ ಒಳ್ಳೇದೇ, ಅದು ಇರೋದೇ ಅವರ ರಕ್ಷಣೆಗೆ. ಒಂದು ಏರಿಯಾದಲ್ಲಿ ಮಾತ್ರ ಹೆಂಗಸರು ರಕ್ತ ಕೊಡೋಕೆ ಕೈ ಚಾಚ್ತಿದ್ರು, ಹಿಡಿತದ ಶಕ್ತಿ ಅಳೆಯೋ ಮಿಷನ್ನನ್ನ ನಗ್ತಾ ನಗ್ತಾ ಹಿಂಡ್ತಿದ್ರು, ಸುತ್ತ ಮಕ್ಕಳು ನಿಂತು ಅಜ್ಜಿ ಇನ್ನೂ ಜೋರಾಗಿ ಅಂತಿದ್ವು, ಹೆಬ್ಬೆಟ್ಟು ಅಂದ ತಕ್ಷಣ ಎದ್ದು ಹೋಗೋರು. ಟೀಮಿನ ಡಾಕ್ಟರಿಗೆ ತಲೆಬುಡ ಅರ್ಥ ಆಗ್ಲಿಲ್ಲ, ಸೂಜಿಗೆ ಹೆದರದೋರು ಇಂಕಿಗೆ ಹೆದರ್ತಾರಲ್ಲ ಅಂತ. ಆಮೇಲೆ ಒಬ್ಬಾಕೆ ಹೇಳಿದ್ದು: "ಒಂದ್ಸಲ ಒತ್ತಿದ್ದಕ್ಕೇ ಸೈಟ್ ಹೋಯ್ತು ಮೇಡಮ್ನೋರೆ, ನನ್ ಮಗನೇ ಒತ್ತಿಸ್ಕೊಂಡ, ಪಿಂಚಣಿ ಪೇಪರ್ ಅಂದ." ಆವತ್ತು ಸಾಕ್ಷಿ ಹಾಕಿದ್ದು ಪಕ್ಕದ ಮನೆಯೋರು, ನಾವೂ ಸಾಕ್ಷಿ ಅಂತ ಕರ್ಕೊಂಡು ಬಂದಿದ್ದು ಅದೇ ಪಕ್ಕದ ಮನೆಯೋರನ್ನ.

ಇದು ಆರೋಗ್ಯದ ವಿಷಯವಾ, ಕಾನೂನಿನ ವಿಷಯವಾ? 2007ರ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೇಲಿ 23ನೇ ಸೆಕ್ಷನ್ ಅಂತ ಒಂದಿದೆ. ನೋಡ್ಕೋತೀನಿ ಅನ್ನೋ ಷರತ್ತಿನ ಮೇಲೆ ಆಸ್ತಿ ಬರೆಸ್ಕೊಂಡು ಆಮೇಲೆ ನೋಡ್ಕೊಳ್ದಿದ್ರೆ ಆ ಪತ್ರಾನ ರದ್ದು ಮಾಡ್ಬಹುದು. ಅರ್ಜಿ ಹೋಗೋದು ಉಪವಿಭಾಗಾಧಿಕಾರಿ ಹತ್ರ. ಜೀವನಾಂಶ ಆದ್ರೆ ತಿಂಗಳಿಗೆ ಹೆಚ್ಚಂದ್ರೆ 10,000 ರೂಪಾಯಿ ಅಂತ ಕಾಯ್ದೇಲೇ ಮಿತಿ ಇದೆ, 2007ರ 10,000, ಇವತ್ತಿಗೂ ಅಷ್ಟೇ. ಆಕೆಗೆ ಇದ್ಯಾವುದೂ ಗೊತ್ತಿರ್ಲಿಲ್ಲ. ಆಕೇನ ಪ್ರತಿ ತಿಂಗಳು ನೋಡ್ತಿದ್ದ ಪಿಎಚ್‌ಸಿ ಡಾಕ್ಟರಿಗೂ ಗೊತ್ತಿರ್ಲಿಲ್ಲ, ಅವರ ಓದಲ್ಲಿ ಅದು ಬರೋದೇ ಇಲ್ಲ. ಅವರು ಬರೆದಿದ್ದು ನಿದ್ರೆ ಬರಲ್ಲ ಅಂದಿದ್ದಕ್ಕೆ ಮಾತ್ರೆ.

ಹಾಗಂತ ಕಾಯ್ದೆ ಒಂದನ್ನೇ ಹಿಡ್ಕೊಂಡ್ರೂ ಎಡವಟ್ಟಾಗುತ್ತೆ. ಬೆಂಗಳೂರಿಂದಲೇ ಸುಪ್ರೀಂ ಕೋರ್ಟ್ ತನಕ ಹೋದ ಒಂದು ಕೇಸಿದೆ. ಅತ್ತೆ ಮಾವ ಇದೇ ಕಾಯ್ದೆ ಕೆಳಗೆ ಅರ್ಜಿ ಹಾಕಿ, ಗಂಡ ಬಿಟ್ಟಿದ್ದ ಸೊಸೇನ ಮನೆಯಿಂದ ಆಚೆ ಕಳಿಸಿ ಅಂದ್ರು, ಅಧಿಕಾರಿಗಳು ಹೂಂ ಅಂದ್ರು, ಹೈಕೋರ್ಟೂ ಎತ್ತಿಹಿಡೀತು. 2020ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಬದಿಗಿಟ್ಟು, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೆಣ್ಣಿಗೆ ಕೊಟ್ಟಿರೋ ವಾಸದ ಹಕ್ಕನ್ನ ಹಿರಿಯರ ಕಾಯ್ದೆ ಇಟ್ಕೊಂಡು ಅವಸರದಲ್ಲಿ ತಳ್ಳಿಹಾಕೋಕಾಗಲ್ಲ, ಎರಡನ್ನೂ ಒಟ್ಟಿಗೆ ಓದ್ಬೇಕು ಅಂತು. ಮುಪ್ಪಿನ ಬಗ್ಗೆ ಕೆಲಸ ಮಾಡೋರು ಆ ತೀರ್ಪನ್ನ ಓದ್ಲೇಬೇಕು, ಯಾಕಂದ್ರೆ ನಮ್ಮ ಫೀಲ್ಡಲ್ಲಿ ಹಿರಿಯರ ಪರ ಅನ್ನೋ ಉತ್ಸಾಹ ಎಷ್ಟಿರುತ್ತೆ ಅಂದ್ರೆ ಸೊಸೆ ಯಾವಾಗಲೂ ಕೆಟ್ಟೋಳೇ. ರಾತ್ರಿ ಮೂರು ಗಂಟೆಗೆ ಎಬ್ಬಿಸಿ ಬಾತ್‌ರೂಮಿಗೆ ಕರ್ಕೊಂಡು ಹೋಗೋದು ಯಾರು ಅಂತ ಕೇಳಿದ್ರೆ ಮಾತ್ರ ಅದೇ ಸೊಸೆ ಹೆಸರು ಬರುತ್ತೆ. ಅತ್ತೆಗೆ ಸ್ಟ್ರೋಕ್ ಆಯ್ತು ಅಂತ ಆಕೆ ಗಾರ್ಮೆಂಟ್ಸ್ ಕೆಲಸ ಬಿಟ್ಟಿರ್ತಾಳೆ. ನ್ಯಾಷನಲ್ ಹೆಲ್ತ್ ಅಕೌಂಟ್ಸ್ ಪ್ರಕಾರ ದೇಶದ ಒಟ್ಟು ಆರೋಗ್ಯ ಖರ್ಚಲ್ಲಿ ಜನ ಕೈಯಿಂದ ಹಾಕೋ ಪಾಲು 2013–14ರಲ್ಲಿ ಶೇ 64.2 ಇದ್ದಿದ್ದು 2021–22ಕ್ಕೆ ಶೇ 39.4ಕ್ಕೆ ಇಳಿದಿದೆ. ಒಳ್ಳೇ ಸುದ್ದಿ. ಸೊಸೆ ಬಿಟ್ಟ ಸಂಬಳ ಆ ಲೆಕ್ಕದಲ್ಲಿ ಯಾವ ಕಾಲಮ್ಮಲ್ಲೂ ಇಲ್ಲ.

ಈ ಥರ ಕೆಲಸ ನಮ್ಮಲ್ಲಿ ಹೊಸದೇನಲ್ಲ. ಐಸೆಕ್ಕನ್ನ 1972ರಲ್ಲಿ ಕಟ್ಟಿದ್ದು ಎಕನಾಮಿಸ್ಟ್ ವಿ.ಕೆ.ಆರ್.ವಿ. ರಾವ್, ಜೊತೆಗೆ ದಿಲ್ಲಿ ಬಿಟ್ಟು ಬಂದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. ಹೆಸರಲ್ಲೇ ಸಾಮಾಜಿಕ ಮತ್ತು ಆರ್ಥಿಕ ಎರಡೂ ಇವೆ. ನನಗೆ ಇನ್ನೂ ಹೆಚ್ಚು ಇಷ್ಟ ಆಗೋದು ಕೋಟದ ಸ್ಟಡಿ. ಸೈಕಿಯಾಟ್ರಿಸ್ಟ್ ಆರ್.ಎಲ್. ಕಪೂರ್ ಮತ್ತು ಸ್ಕಾಟ್ಲೆಂಡಿನ ಕಾರ್‌ಸ್ಟೇರ್ಸ್ ಉಡುಪಿ ಕಡೆಯ ಕೋಟಕ್ಕೆ, ಹೌದು ಕಾರಂತರ ಕೋಟಕ್ಕೇ, ಹೋಗಿ ಅಲ್ಲಿನ ಬ್ರಾಹ್ಮಣರು, ಬಂಟರು, ಮೊಗವೀರರು ಮೂರೂ ಸಮುದಾಯದಲ್ಲಿ ಮನಸ್ಸಿನ ಕಾಯಿಲೆ ಹೇಗಿದೆ ಅಂತ ನೋಡಿದ್ರು. ಬರೀ ಲಕ್ಷಣ ಎಣಿಸ್ಲಿಲ್ಲ, ತಾಯಿ ಕಡೆಯಿಂದ ಆಸ್ತಿ ಹೋಗೋ ಅಳಿಯಕಟ್ಟಿನ ಮನೆಗಳಲ್ಲಿ ಏನು ಬದಲಾಗ್ತಿದೆ, ಜನ ವೈದ್ಯರ ಹತ್ರ ಹೋಗ್ತಾರಾ, ಮಂತ್ರವಾದಿ ಹತ್ರ ಹೋಗ್ತಾರಾ, ಮೈಮೇಲೆ ದೈವ ಬರೋ ಪಾತ್ರಿ ಹತ್ರ ಹೋಗ್ತಾರಾ ಅಂತೆಲ್ಲ ಕೇಳಿದ್ರು, ಕೇಳೋಕೆ ಬೇಕಾದ ಪ್ರಶ್ನೆಪಟ್ಟೀನೂ ಇಲ್ಲಿಯ ಜನಕ್ಕೆ ಹೊಂದೋ ಹಾಗೆ ತಾವೇ ಮಾಡ್ಕೊಂಡ್ರು. ಅದು ಪುಸ್ತಕವಾಗಿ ಬಂದಿದ್ದು 1976ರಲ್ಲಿ. ಕಪೂರ್ ಆಮೇಲೆ ನಿಮ್ಹಾನ್ಸಲ್ಲಿ ಕಮ್ಯುನಿಟಿ ಸೈಕಿಯಾಟ್ರಿ ಕಟ್ಟಿದ್ರು, ಕೊನೆಗೆ ಐಐಎಸ್‌ಸಿ ಕ್ಯಾಂಪಸ್ಸಿನ ನಿಯಾಸ್ ಅನ್ನೋ ಸಂಶೋಧನಾ ಸಂಸ್ಥೇಲಿದ್ರು. ಶ್ರೀನಿವಾಸ್ ಅವರೂ ಕೊನೆಯ ವರ್ಷಗಳಲ್ಲಿ ಇದ್ದಿದ್ದು ಅಲ್ಲೇ. ಅಂಥೋರು ಒಂದೇ ಕಾರಿಡಾರಲ್ಲಿ ಓಡಾಡ್ತಿದ್ದ ಕಾಲದಲ್ಲಿ ನಾನು ಇನ್ನೂ ಪರೀಕ್ಷೆಗೆ ಗೈಡ್ ಪುಸ್ತಕ ಬಾಯಿಪಾಠ ಮಾಡ್ತಿದ್ದೆ.

ಈಗಿನದ್ದು ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೀತಿದೆ. ಲಾಸಿ ಅಂತ ನಾವು ಕರೆಯೋ, ಮುಪ್ಪಿನ ಬಗ್ಗೆಯ ರಾಷ್ಟ್ರೀಯ ಸರ್ವೆಯ ಮೊದಲ ಸುತ್ತು 2017–18ರಲ್ಲಿ ಆಯ್ತು, 45 ದಾಟಿದ 72,000ಕ್ಕೂ ಹೆಚ್ಚು ಜನ, ಮುಂಬೈನ ಜನಸಂಖ್ಯಾ ಅಧ್ಯಯನ ಸಂಸ್ಥೆ ಐಐಪಿಎಸ್ಸು, ಹಾರ್ವರ್ಡು, ಸದರ್ನ್ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ ಎಲ್ಲಾ ಸೇರಿ. ಅದರಲ್ಲಿ ರಕ್ತದ ಹನಿಯಿಂದ ಹಿಡಿದು ಜಮೀನು, ಸಾಲ, ಮಕ್ಕಳ ಜೊತೆ ಮಾತುಕತೆ ತನಕ ಎಲ್ಲಾ ಇದೆ. ಅದಕ್ಕೂ ಮುಂಚೆ 2011ರಲ್ಲಿ ಐಸೆಕ್ಕು, ದಿಲ್ಲಿಯ ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಗ್ರೋತು, ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಟಿಸ್ಸು, ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಯುಎನ್‌ಎಫ್‌ಪಿಎ ಸೇರಿ ಏಳು ರಾಜ್ಯದಲ್ಲಿ ಒಂದು ಸರ್ವೆ ಮಾಡಿದ್ವು, ಬೆಂಗಳೂರಿನ ಸಂಸ್ಥೆ ಇದ್ರೂ ಆ ಏಳರಲ್ಲಿ ಕರ್ನಾಟಕ ಇರ್ಲಿಲ್ಲ, ಅದು ನನಗೆ ಇವತ್ತಿಗೂ ಸಣ್ಣ ಹೊಟ್ಟೆಕಿಚ್ಚು. ಈಗ ಐಐಎಸ್‌ಸಿಯ ಸೆಂಟರ್ ಫಾರ್ ಬ್ರೈನ್ ರಿಸರ್ಚಿನೋರು ಕೋಲಾರದ ಶ್ರೀನಿವಾಸಪುರದಲ್ಲಿ, ಮಾವಿನ ತೋಟದ ಹಳ್ಳಿಗಳಲ್ಲಿ, 10,000 ಜನರ ಗುರಿ ಇಟ್ಕೊಂಡು ಅವರನ್ನೇ ವರ್ಷವರ್ಷ ನೋಡ್ತಾ ಹೋಗ್ತಿದಾರೆ, ಮೆದುಳಿಗೆ ವಯಸ್ಸಾಗೋದು ಹೇಗೆ ಅಂತ ತಿಳಿಯೋಕೆ. ಒಬ್ಬನೇ ಮನುಷ್ಯನ್ನ ಹತ್ತು ವರ್ಷ ಹಿಂಬಾಲಿಸೋದು ಎಷ್ಟು ಕಷ್ಟ ಅಂತ ಬಾಡಿಗೆ ಮನೇಲಿರೋರನ್ನ ಹುಡುಕಿದೋರಿಗೆ ಗೊತ್ತು, ಬೆಂಗಳೂರಲ್ಲಿ ನಮ್ಮ ಸ್ಯಾಂಪಲ್ ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದ ಕೂಡ್ಲೇ ಕಾಣೆಯಾಗುತ್ತೆ.

ಇದರ ಜೊತೆಗೆ ಇನ್ನೊಂದು ಬೆಂಗಳೂರು ಇದೆ, ಕನಕಪುರ ರಸ್ತೆ, ದೇವನಹಳ್ಳಿ ಕಡೆ ಸೀನಿಯರ್ ಲಿವಿಂಗ್ ವಿಲ್ಲಾಗಳ ಹೋರ್ಡಿಂಗು, ಬಿಳಿ ಕೂದಲಿನ ದಂಪತಿ ಬ್ಯಾಡ್ಮಿಂಟನ್ ರಾಕೆಟ್ ಹಿಡ್ಕೊಂಡು ನಗ್ತಿರೋದು. ಟಿವಿಯೋರು ಮುಪ್ಪಿನ ಬಗ್ಗೆ ಬೈಟ್ ಕೇಳೋದು ಯಾವಾಗಲೂ ಆ ಜನದ ಬಗ್ಗೆ, ಮಗ ಅಮೆರಿಕದಲ್ಲಿ, ಅಪ್ಪ ಒಬ್ಬರೇ. ಆ ಸಂಕಟಾನೂ ನಿಜ. ಆದ್ರೆ ನಲವತ್ತೈದಕ್ಕೇ ಕಣ್ಣು ಮಂಜಾಗಿ ಹೊಲಿಗೆ ಮಿಷನ್ ಬಿಟ್ಟು ಮನೆಗೆಲಸಕ್ಕೆ ಇಳಿಯೋ ಹೆಂಗಸಿನ ಮುಪ್ಪು ಯಾವ ಹೋರ್ಡಿಂಗಲ್ಲೂ ಬರಲ್ಲ.

ನಮ್ಮ ಪ್ರಮೋಷನ್ ವಿಷಯ ಬರೆಯದೇ ಹೋದ್ರೆ ಓದೋ ಸಹೋದ್ಯೋಗಿಗಳು ಬಿಡಲ್ಲ. ಯುಜಿಸಿಯ 2018ರ ನಿಯಮದಲ್ಲಿ ಒಂದು ಸಂಶೋಧನಾ ಲೇಖನಕ್ಕೆ ಸಮಾಜ ವಿಜ್ಞಾನದೋರಿಗೆ 10 ಅಂಕ, ಸೈನ್ಸು ಮೆಡಿಕಲ್‌ನೋರಿಗೆ 8. ಇಬ್ಬರಿಗಿಂತ ಹೆಚ್ಚು ಜನ ಬರೆದಿದ್ರೆ ಮೊದಲನೆಯೋರಿಗೆ ಶೇ 70, ಉಳಿದೋರಿಗೆ ತಲಾ ಶೇ 30. ಸೋಷಿಯಾಲಜಿಯೋರು ಒಬ್ಬರೇ ಕೂತು ಬರೀತಾರೆ, ಪೂರ್ತಿ ಹತ್ತು. ನಾನು ಡಾಕ್ಟ್ರು, ಎಕನಾಮಿಸ್ಟು, ಸ್ಟಾಟಿಸ್ಟಿಕ್ಸಿನೋರ ಜೊತೆ ಎರಡು ವರ್ಷ ಒದ್ದಾಡಿ ಏಳನೇ ಹೆಸರಾಗಿ ಬಂದ್ರೆ ಮೂರು. ಒಂದು ಕಮಿಟೀಲಿ ಹಿರಿಯರೊಬ್ಬರು ನನ್ನ ಫೈಲ್ ತಿರುಗಿಸ್ತಾ "ಇದೆಲ್ಲಾ ಮೆಡಿಕಲ್ ಜರ್ನಲ್ ಅಲ್ವೇನಮ್ಮ, ಸೋಷಿಯಾಲಜಿ ಎಲ್ಲಿದೆ?" ಅಂದ್ರು. ಅದಾದ ಸ್ವಲ್ಪ ದಿನಕ್ಕೆ ಒಂದು ಹೆಲ್ತ್ ಗ್ರಾಂಟಿನ ಸಂದರ್ಶನದಲ್ಲಿ ಕೇಳಿದ್ದು, ನೀವು ಮೆಡಿಕಲ್ ಅಲ್ವಲ್ಲ, ಪ್ರಿನ್ಸಿಪಲ್ ಇನ್ವೆಸ್ಟಿಗೇಟರ್ ಹೇಗಾಗ್ತೀರಿ? ವೈದ್ಯಕೀಯ ಸಂಶೋಧನೆಗೆ ದುಡ್ಡು ಕೊಡೋ ಐಸಿಎಂಆರ್ ಒಂದು ದಾರಿ, ಸಮಾಜ ವಿಜ್ಞಾನಕ್ಕೆ ಕೊಡೋ ಐಸಿಎಸ್‌ಎಸ್‌ಆರ್ ಇನ್ನೊಂದು ದಾರಿ, ಎರಡರ ಫಾರಂ ಕೂಡ ಬೇರೆ ಬೇರೆ. ಕಾಲೇಜು ಮೇಷ್ಟ್ರಾಗೋಕೆ ಬರೆಯೋ ನೆಟ್ ಪರೀಕ್ಷೇಲಿ ಸೋಷಿಯಲ್ ವರ್ಕ್ ಇದೆ, ಪಾಪ್ಯುಲೇಷನ್ ಸ್ಟಡೀಸ್ ಇದೆ, ಸೋಷಿಯಲ್ ಮೆಡಿಸಿನ್ ಇದೆ, ಮುಪ್ಪಿನ ಅಧ್ಯಯನ ಅಂತ ಒಂದು ಸಬ್ಜೆಕ್ಟ್ ಇಲ್ಲ. 2011ರ ಜನಗಣತೀಲೇ 60 ದಾಟಿದೋರು 10 ಕೋಟಿ ಮೀರಿದ್ರು ಈ ದೇಶದಲ್ಲಿ.

ಹಾಗಾದ್ರೆ ಒಂದು ದೊಡ್ಡ ಸೆಂಟರ್ ಮಾಡೋಣ, ಹೊಸ ಬಿಲ್ಡಿಂಗು, ಡೈರೆಕ್ಟರ್ ಪೋಸ್ಟು ಅಂತ ಆಗಾಗ ಮಾತು ಏಳುತ್ತೆ. ನನಗೆ ಅದರಲ್ಲಿ ನಂಬಿಕೆ ಕಮ್ಮಿ. ಸೆಂಟರ್ ಆದ ಮೂರನೇ ವರ್ಷಕ್ಕೆ ಅದೂ ಒಂದು ಡಿಪಾರ್ಟ್‌ಮೆಂಟ್ ಆಗುತ್ತೆ, ಅದಕ್ಕೂ ಒಂದು ಬಾಗಿಲು, ಬಾಗಿಲಿಗೆ ಒಬ್ಬ ಅಟೆಂಡರು. ಅದಕ್ಕಿಂತ ಮೆಡಿಕಲ್ ಪಿಜಿ ಹುಡುಗರನ್ನ ಆರು ತಿಂಗಳು ಉಪವಿಭಾಗಾಧಿಕಾರಿ ಕೋರ್ಟಲ್ಲಿ ಕೂರಿಸಿ, ಎಂಎಸ್‌ಡಬ್ಲ್ಯೂ ಹುಡುಗೀರನ್ನ ಆಸ್ಪತ್ರೆಯ ಜೀರಿಯಾಟ್ರಿಕ್ (ಮುಪ್ಪಿನ ಕಾಯಿಲೆಗಳ) ಓಪಿಡೀಲಿ ಬಿಲ್ಲಿಂಗ್ ಕೌಂಟರ್ ಪಕ್ಕ ನಿಲ್ಲಿಸಿ, ಏಳನೇ ಹೆಸರಿಗೂ ಮರ್ಯಾದೆಯ ಅಂಕ ಕೊಡಿ. ಖರ್ಚು ಕಮ್ಮಿ, ಉದ್ಘಾಟನೆಗೆ ಮಂತ್ರಿ ಬೇಕಿಲ್ಲ, ಅದಕ್ಕೇ ಆಗಲ್ಲ ಅನ್ಸುತ್ತೆ.

ಸದ್ಯಕ್ಕೆ ನನ್ನ ಒಬ್ಬಳು ವಿದ್ಯಾರ್ಥಿನಿ ಹೋಂ ನರ್ಸುಗಳ ಬಗ್ಗೆ ಕೆಲಸ ಶುರು ಮಾಡಿದಾಳೆ, ಬೇರೆಯೋರ ಮನೆ ಮುದುಕರನ್ನ ಎತ್ತಿ ಮಲಗಿಸಿ ತಮಗೇ ಸೊಂಟ ಹೋಗಿರೋ ಹೆಂಗಸರು. ರಿಜಿಸ್ಟರ್ ಆಗಿದ್ದು ಸೋಷಿಯಲ್ ವರ್ಕಲ್ಲಿ, ಕೋ-ಗೈಡ್ ಕಮ್ಯುನಿಟಿ ಮೆಡಿಸಿನ್ನಿನೋರು, ಬೇರೆ ಯೂನಿವರ್ಸಿಟಿ ಆಗಿದ್ರಿಂದ ಫಾರಮ್ಮಲ್ಲಿ ಅವರ ಸಹಿಗೆ ಜಾಗ ಇರ್ಲಿಲ್ಲ, ಕೆಳಗೆ ಪೆನ್ನಲ್ಲಿ ಗೆರೆ ಎಳೆದು ಹಾಕಿಸಿದ್ವಿ, ಸೆಕ್ಷನ್ ಸೂಪರಿಂಟೆಂಡೆಂಟ್ ಇನ್ನೂ ಒಪ್ಪಿಲ್ಲ. ಡಾಕ್ಟ್ರು ಹೇಳ್ತಾರೆ ಮೊದಲು ಆ ಹೆಂಗಸರ ಬೆನ್ನುನೋವು ಅಳೆಯೋಣ ಅಂತ. ಎಕನಾಮಿಕ್ಸಿನೋರು ಹೇಳ್ತಾರೆ ಏಜೆನ್ಸಿ ಎಷ್ಟು ಮುರ್ಕೊಳ್ಳುತ್ತೆ ಅನ್ನೋದೇ ಮೊದಲ ಪ್ರಶ್ನೆ ಆಗ್ಬೇಕು ಅಂತ. ಹುಡುಗಿ ಹೇಳ್ತಾಳೆ, "ಮೇಡಂ, ಅವರು ಇಪ್ಪತ್ನಾಲ್ಕು ಗಂಟೆ ಡ್ಯೂಟಿಲಿರ್ತಾರೆ, ಮನೆಯೋರ ಎದುರಿಗೆ ಏನೂ ಹೇಳಲ್ಲ, ತಿಂಗಳಿಗೆ ಎರಡು ರಜೆ, ಅವತ್ತು ಬಟ್ಟೆ ಒಗೀತಿರ್ತಾರೆ, ನಾನು ಮಾತಾಡ್ಸೋದು ಯಾವಾಗ ಅಂತ ಮೊದಲು ಹೇಳಿ." ಇಬ್ಬರು ಪ್ರೊಫೆಸರ್‌ಗಳೂ ಸುಮ್ಮನಾದ್ರು. ಶನಿವಾರ ಮತ್ತೆ ಕೂರ್ತೀವಿ, ಯಾರ ಕಡೆ ಮೀಟಿಂಗ್ ರೂಮ್ ಸಿಗುತ್ತೋ ನೋಡ್ಬೇಕು.